ಮೋಡ, ಪೊದೆ ಮತ್ತು ಅತ್ತೆಯ ಜಮಖಾನೆ

“ಮೋಡವೂ ಪೊದೆಯೂ ಒಂದೇ!” ಎಂದು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಕೂಗಿದವಳು ನಾನು. ಮಧ್ಯಾಹ್ನದ ಬಿಡುವಿನ ಹೊತ್ತು. ಎದುರಿಗೆ ಕೂತಿದ್ದ ಲೆಕ್ಕದ ಮೇಷ್ಟ್ರು ಉಗ್ಗಾಣಿಯ ಚಮಚವನ್ನು ಬಾಯಿಯ ಹತ್ತಿರವೇ ನಿಲ್ಲಿಸಿ ನನ್ನನ್ನು ನೋಡಿದರು. ಕನ್ನಡದ ಟೀಚರಿಗೆ ಯಾವತ್ತಾದರೂ ಹೀಗಾಗುತ್ತದೆಂದು ಅವರು ಮೊದಲೇ ಎಣಿಸಿದ್ದರೆಂದು ಕಾಣುತ್ತದೆ. ಏನೂ ಕೇಳದೆ ತಿನ್ನುವುದನ್ನು ಮುಂದುವರಿಸಿದರು.

ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನನ್ನ ಫೋನಿನಲ್ಲಿ ಒಂದು ಹಳೆಯ ವಿಡಿಯೋ ಗೇಮಿನ ತೆರೆಮರೆಯ ಕಥೆ ಓಡುತ್ತಿತ್ತು. ನಿಮಗೂ ಆ ಆಟ ನೆನಪಿದ್ದೀತು. ಟಿವಿಗೆ ಜೋಡಿಸುವ ಒಂದು ಡಬ್ಬಿ, ಅದರ ಬಾಯಿಗೆ ತುರುಕುವ ಹಳದಿ ಕ್ಯಾಸೆಟ್ಟು, ಓಡದಿದ್ದರೆ ಕ್ಯಾಸೆಟ್ಟನ್ನು ಕಿತ್ತು ಅದರ ಹೊಟ್ಟೆಗೆ ಉಫ್ ಎಂದು ಊದುವುದು. ಆಮೇಲೆ ಮೀಸೆಯ ಕುಳ್ಳನೊಬ್ಬ ಎಡದಿಂದ ಬಲಕ್ಕೆ ಓಡುತ್ತಾನೆ, ಗುಂಡಿ ಹಾರುತ್ತಾನೆ, ಆಮೆಗಳನ್ನು ತುಳಿಯುತ್ತಾನೆ. ಅಷ್ಟೇ ಆಟ. ಅಷ್ಟಕ್ಕೇ ನಾವು ಬೇಸಿಗೆ ರಜೆಗಳನ್ನು ಪೂರ್ತಿ ಸುರಿದೆವು.

ಆ ಆಟವನ್ನು ಮಾಡಿದವರ ಹತ್ತಿರ ಜಾಗವೇ ಇರಲಿಲ್ಲವಂತೆ. ಕ್ಯಾಸೆಟ್ಟಿನೊಳಗೆ ಹಿಡಿಸುತ್ತಿದ್ದುದು ಇಷ್ಟೇ ಇಷ್ಟು. ಕೆಲವೇ ಚೌಕಗಳಲ್ಲಿ ಬಾಯಿ ಬಿಡಿಸಲು ಬಾರದೆಂದು ಅವನಿಗೆ ಮೀಸೆ ಕೊಟ್ಟರಂತೆ; ಕೂದಲು ಬಿಡಿಸುವ ಗೋಳೇ ಬೇಡವೆಂದು ಟೋಪಿ ಇಟ್ಟರಂತೆ. ಎದುರಿಗೆ ಬರುವ ಅಣಬೆಯಂಥ ಪ್ರಾಣಿ ಎರಡು ಕಾಲಲ್ಲಿ ನಡೆಯುತ್ತದೆಯಲ್ಲ, ಅದು ನಡೆಯುವುದೇ ಇಲ್ಲ. ಒಂದೇ ಚಿತ್ರವನ್ನು ಅತ್ತ ಇತ್ತ ಮಗುಚುತ್ತಾರೆ, ನಮ್ಮ ಕಣ್ಣು ನಡಿಗೆ ಎಂದುಕೊಳ್ಳುತ್ತದೆ. ಇಟ್ಟಿಗೆಯನ್ನು ಅವನು ತಲೆಯಿಂದ ಗುದ್ದಿ ನಾಣ್ಯ ಉದುರಿಸುತ್ತಾನೆಂದು ನಾನು ಪ್ರಮಾಣ ಮಾಡಿ ಹೇಳುತ್ತಿದ್ದೆ. ತಲೆಯಲ್ಲ, ಎತ್ತಿದ ಮುಷ್ಟಿ! ವಿಡಿಯೋವನ್ನು ಮೂರು ಸಲ ನಿಲ್ಲಿಸಿ ನೋಡಿದೆ. ಮುಷ್ಟಿಯೇ. ಇಷ್ಟೆಲ್ಲ ಆದಮೇಲೆ ಬಂತು ನೋಡಿ ಆ ಮಾತು: ಆಕಾಶದಲ್ಲಿರುವ ಮೋಡ, ನೆಲದ ಮೇಲಿರುವ ಪೊದೆ, ಎರಡೂ ಒಂದೇ ಚಿತ್ರ. ಮೇಲೆ ಬಿಳಿ ಬಳಿದರೆ ಮೋಡ, ಕೆಳಗೆ ಹಸಿರು ಬಳಿದರೆ ಪೊದೆ.

ನಾನು ಕೂಗಿದ್ದು ಆಶ್ಚರ್ಯದಿಂದಲ್ಲ, ಗೆಲುವಿನಿಂದ. ಈ ಗುಟ್ಟನ್ನು ನಮ್ಮ ಈರಮ್ಮತ್ತೆ ಮೂವತ್ತು ವರ್ಷಗಳ ಹಿಂದೆಯೇ ಆದೋನಿಯ ತನ್ನ ನಡುಮನೆಯಲ್ಲಿ ಕಂಡುಹಿಡಿದಿದ್ದಳು!

ಈರಮ್ಮತ್ತೆ ಎಂದರೆ ನನ್ನ ಅಪ್ಪನ ಅಕ್ಕ. ನಮ್ಮದು ಪೆದ್ದಕಡುಬೂರಿನ ಕುರಿ ಸಾಕುವ ಮನೆತನ. ಅತ್ತೆಯನ್ನು ಆದೋನಿಗೆ ಕೊಟ್ಟಿದ್ದರು. ಅಲ್ಲಿ ಅವಳು ಜಮಖಾನೆ ನೇಯುವುದನ್ನು ಕಲಿತಳು. ಅವಳ ನಡುಮನೆಯ ಉದ್ದಕ್ಕೂ ಮಗ್ಗ ಚಾಚಿಕೊಂಡಿರುತ್ತಿತ್ತು. ಹೊಕ್ಕಿನ ನೂಲನ್ನು ಬಿಗಿಯಾಗಿ ಕೂರಿಸಲು ಅವಳು ಕಬ್ಬಿಣದ ಪಂಜಾದಿಂದ ಕುಟ್ಟುವ ಸದ್ದು, ಮೂಲೆಯ ಟಿವಿಯಲ್ಲಿ ಮೀಸೆಯವನು ಹಾರುವ ಸದ್ದು, ಎರಡೂ ಕೂಡಿಯೇ ನನ್ನ ರಜೆ. ಟಿವಿ ಗೇಮು ಅತ್ತೆಯ ಮಗ ವೀರೇಶನದು. ನನಗಿಂತ ದೊಡ್ಡವನು, ವರಸೆಯಲ್ಲಿ ಬಾವ. ಸಣ್ಣವರಿದ್ದಾಗ ನನ್ನನ್ನು ಅವನಿಗೇ ತರುವುದೆಂದು ಮಾತಾಗಿತ್ತಂತೆ. ಇಬ್ಬರೂ ಬಚಾವಾದೆವು.

ನಾನು ವರ್ಷ ವರ್ಷವೂ ಎಂಟನೆಯ ತರಗತಿಯ ಮಕ್ಕಳಿಗೆ ಹೇಳುವ ಕಥೆ ಇದು. ಒಂದು ಮಧ್ಯಾಹ್ನ ಅತ್ತೆ ಮಗ್ಗ ಬಿಟ್ಟು ಎದ್ದು ಬಂದಳು. ಕೈಯಲ್ಲಿ ಒಂದು ಮುಷ್ಟಿ ಹುಣಸೆ ಬೀಜ. “ನಿಲ್ಲಸೋ ಅದನ್ನ” ಎಂದಳು. ಬಾವ ಗೊಣಗುತ್ತ ಗುಂಡಿ ಒತ್ತಿದ. ಮೀಸೆಯವನು ಗಾಳಿಯಲ್ಲೇ ನಿಂತ. ಅತ್ತೆ ಟಿವಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದಳು. ಬೀಜಗಳನ್ನು ನೆಲದ ಮೇಲೆ ಸಾಲುಸಾಲಾಗಿ ಜೋಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ಪಾರೀ, ಮ್ಯಾಲಿಂದೂ ಕೆಳಗಿಂದೂ ಒಂದ ಐತಿ ನೋಡು” ಎಂದಳು. ಮುಂದಿನ ವಾರ ಅವಳ ಮಗ್ಗದಿಂದ ಒಂದು ಜಮಖಾನೆ ಇಳಿಯಿತು: ಮೇಲೆ ಬಿಳಿಯ ಮೋಡ, ಕೆಳಗೆ ಹಚ್ಚ ಹಸಿರು ಪೊದೆ, ಎರಡೂ ಒಂದೇ ಅಚ್ಚು. “ಕಣ್ಣಿಟ್ಟು ನೋಡುವುದು ಎಂದರೆ ಹೀಗೆ ಮಕ್ಕಳೇ” ಎಂದು ನಾನು ಪಾಠ ಮುಗಿಸುತ್ತೇನೆ. ಬೆಲ್ಲು ಹೊಡೆಯುತ್ತದೆ.

ಈಗ ಕಥೆಗೆ ಸಾಕ್ಷಿಯೇ ಸಿಕ್ಕಿತಲ್ಲ! ತಡೆದುಕೊಳ್ಳಲಾರದೆ ವರಾಂಡಕ್ಕೆ ಹೋಗಿ ಬಾವನಿಗೆ ಫೋನು ಮಾಡಿದೆ. ಅವನದು ಈಗ ಆದೋನಿಯಲ್ಲೇ ಮೊಬೈಲ್ ರಿಪೇರಿ ಅಂಗಡಿ; ಗಿರಾಕಿಗಳ ತೆಲುಗು ಅವನ ಕನ್ನಡದೊಳಗೂ ನುಗ್ಗಿದೆ.

“ಬಾವ, ಅತ್ತಿ ಹೇಳಿದ್ದು ಖರೇ! ಮೋಡ, ಪೊದಿ ಎರಡೂ ಒಂದ ಚಿತ್ರ ಅಂತ. ಆಟ ಮಾಡಿದವ್ರ ಹಂಗ ಮಾಡ್ಯಾರಂತ!”

“ಯಾವ ಪೊದಿ?”

“ಹಸರು ಪೊದಿ ಇರ್ತಿತ್ತಲ್ಲ, ಕೆಳಗ.”

ಆ ಕಡೆ ಯಾವುದೋ ಫೋನಿಗೆ ಸ್ಕ್ರೂ ಬಿಗಿಯುತ್ತಿದ್ದ ಸದ್ದು ನಿಂತಿತು. “ಏ ಪಾರಿ, ನೀಕು ಪಿಚ್ಚಾ, ಹುಚ್ಚೇನು ನಿನಗ? ನಮ್ಮನ್ಯಾಗ ಇದ್ದದ್ದು ಬ್ಲಾಕ್ ಅಂಡ್ ವೈಟ್ ಟಿವಿ ಕದಾ! ಹಸರು ಎಲ್ಲಿಂದ ಬಂತು?”

ಹೌದು, ಕಪ್ಪು ಬಿಳುಪು ಟಿವಿ. ಮರದ ಪೆಟ್ಟಿಗೆ, ಎಳೆದು ಮುಚ್ಚುವ ಬಾಗಿಲು. ಅದು ನನಗೆ ಚೆನ್ನಾಗಿ ನೆನಪಿದೆ. ಆ ಟಿವಿಯೊಳಗಿನ ಹಸಿರು ಪೊದೆಯೂ ಅಷ್ಟೇ ಚೆನ್ನಾಗಿ ನೆನಪಿದೆ. ಎರಡೂ ಒಂದೇ ತಲೆಯಲ್ಲಿ ಇಷ್ಟು ವರ್ಷ ಜಗಳವಿಲ್ಲದೆ ಬಾಳಿಕೊಂಡಿದ್ದವು.

“ಅದೂ... ಟಿವಿ ಮುಂದ ಬಣ್ಣದ ಹಾಳಿ ಹಚ್ಚತಿದ್ರಲ್ಲ ಬಾವ, ಮ್ಯಾಲೆ ನೀಲಿ, ಕೆಳಗ ಹಸರು. ಅದರಿಂದ ಕಂಡಿರಬೇಕು” ಎಂದು ಸಿಕ್ಕಿದ ಹಗ್ಗ ಹಿಡಿದೆ.

“ಅದು ಎದುರುಮನ್ಯಾಗ. ನಮ್ಮನ್ಯಾಗ ಅದೂ ಇರಲಿಲ್ಲ. ಅವ್ವ ಮೋಡ ಅಂತನೂ ಅಂದಿಲ್ಲ, ಪೊದಿ ಅಂತನೂ ಅಂದಿಲ್ಲ. ಜಮಖಾನಿನೂ ಇಲ್ಲ, ಗಿಮಖಾನಿನೂ ಇಲ್ಲ. ಮೊದಲು ತಾತನ ಹೆಗಲು ಕದ್ದಿ, ಈಗ ನಮ್ಮ ಟಿವಿಗೆ ಬಣ್ಣ ಹಚ್ಚಾಕತ್ತಿ!”

ಹೆಗಲಿನ ವಿಷಯ ನಿಮಗೆ ಹೇಳಲೇಬೇಕು, ನಾಚಿಕೆಯಾದರೂ. ನಮ್ಮ ತಾತ, ಎಂದರೆ ಈರಮ್ಮತ್ತೆಯ ಅಪ್ಪ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಳೆಗಾಲದ ಹಳ್ಳ ದಾಟಿಸಿದ್ದು ನನ್ನ ಮೊಟ್ಟಮೊದಲ ನೆನಪು. ಅವನ ಕಂಬಳಿಯ ಒದ್ದೆ ಉಣ್ಣೆಯ ವಾಸನೆ, ಕೆಳಗೆ ಕೆಂಪಗೆ ಸುತ್ತುವ ನೀರು, ಹಿಂದಿನಿಂದ ಕುರಿಗಳ ಕೂಗು. ಎಂ.ಎ. ಓದುವಾಗ ಇದನ್ನು ಡೈರಿಯಲ್ಲಿ ಮೂರು ಪುಟ ಬರೆದು, ಊರಿಗೆ ಬಂದಾಗ ಅವ್ವನಿಗೆ ಓದಿ ಹೇಳಿದೆ. ಅವ್ವ ಪೂರ್ತಿ ಕೇಳಿ, “ಚಂದ ಬರದಿ. ಆದರ ತಾತ ಸತ್ತು ವರ್ಷ ಆದಮ್ಯಾಲೆ ನೀ ಹುಟ್ಟಿದ್ದು” ಎಂದಳು. ಹೆಗಲ ಮೇಲೆ ಕೂತವನು ವೀರೇಶ ಬಾವ. ಮನೆಯಲ್ಲಿ ಹತ್ತು ಸಲ ಕೇಳಿ ಕೇಳಿ ನಾನು ಅವನನ್ನು ಇಳಿಸಿ ಕೂತುಬಿಟ್ಟಿದ್ದೆ. ಅಂದಿನಿಂದ ನನ್ನ ಡೈರಿಯಲ್ಲಿ ಪ್ರತಿ ನೆನಪಿನ ಪಕ್ಕಕ್ಕೂ ಒಂದು ಪ್ರಶ್ನೆ ಚಿಹ್ನೆ ಇರುತ್ತದೆ. ಅದಿಲ್ಲದೆ ಉಳಿದಿದ್ದು ಒಂದೇ, ಅತ್ತೆಯ ಜಮಖಾನೆ. ಅದೂ ಹೋದರೆ ನನ್ನ ಬಾಲ್ಯದಲ್ಲಿ ನಾನು ಇದ್ದೆನೋ ಇಲ್ಲವೋ ಎಂದೇ ಅನುಮಾನ ಪಡಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಕಷ್ಟವೆಂದರೆ, ಇಷ್ಟು ವರ್ಷದ ಎಂಟನೆಯ ತರಗತಿಗಳಿಗೆ ನಾನು ಹೇಳಿದ್ದು ಬರೀ ಸುಳ್ಳು.

“ಜಮಖಾನಿ ಇತ್ತು ಬಾವ. ತೋರಸ್ತೀನಿ.”

“ತೋರ್ಸು. ಅದರಾಗ ಹಸರು ಪೊದಿ ಇದ್ರ, ತಾತನ ಹೆಗಲು ನಿಂದ ಅಂತ ನಾನ ಎಲ್ಲರ ಮುಂದ ಹೇಳತೀನಿ. ಪಂದ್ಯೆಂ!”

ಅತ್ತೆ ಈಗ ಪೆದ್ದಹರಿವಾಣಂನಲ್ಲಿ ಮಗಳು ಶಾಂತಕ್ಕನ ಮನೆಯಲ್ಲಿರುತ್ತಾಳೆ. ಫೋನಿನಲ್ಲಿ ಕೇಳಿದರೆ, “ಇತ್ತೋ ಇಲ್ಲೋ ಅಂತ ಫೋನಿನ್ಯಾಗ ಏನು ಹೇಳ್ಲಿ? ಬಾ, ನೋಡುವಂತಿ” ಎಂದು ಇಟ್ಟುಬಿಟ್ಟಳು. ಇದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಭಾನುವಾರದವರೆಗೆ ನಾನು ಆರನೆಯ ತರಗತಿಗೆ ಏಳನೆಯದರ ಪಾಠ ಮಾಡಿಕೊಂಡು ಕಾಲ ತಳ್ಳಿದೆ.

ಭಾನುವಾರ ಬೆಳಿಗ್ಗೆ ಬಾವನ ಗಾಡಿಯ ಹಿಂದೆ ಕೂತೆ; ಪೆದ್ದಹರಿವಾಣಂಗೆ ಹೋಗುವ ಸಿರುಗುಪ್ಪದ ದಾರಿ ಹಿಡಿದೆವು. ಎದುರಿಗೆ ಹತ್ತಿ ತುಂಬಿದ ಟ್ರಾಕ್ಟರುಗಳು ಆದೋನಿಯ ಮಾರ್ಕೆಟ್ಟಿಗೆ ಬರುತ್ತಿದ್ದವು. ಹಗ್ಗ ಬಿಗಿದ ಬಿಳಿಯ ಹೊರೆಗಳು ಮೂರು ಉಬ್ಬಾಗಿ ಕಂಡರೆ ಸಾಕು, ನನಗೆ ಎಲ್ಲವೂ ಮೋಡದ ಚಿತ್ರವೇ. “ಬಾವ, ಅದು ನೋಡು! ಥೇಟ್ ಅದ!” ಎಂದು ಅವನ ಬೆನ್ನಿಗೆ ಗುದ್ದುತ್ತಿದ್ದೆ. “ಗುದ್ದಬ್ಯಾಡ, ನಾಣ್ಯ ಉದುರಂಗಿಲ್ಲ” ಎಂದ.

ಶಾಂತಕ್ಕನ ಮನೆಗೆ ಹೋದರೆ ಬಾಗಿಲಿಗೆ ಚಿಲಕ. ಪಕ್ಕದ ಮನೆಯ ಅಂಗಳದಲ್ಲಿ ಪೆಂಡಾಲು, ಒಳಗೆ ಹೆಂಗಸರ ಗದ್ದಲ. ಆ ಮನೆಯ ಸೊಸೆಗೆ ಏಳು ತಿಂಗಳು. ಕುಬಸದ ಕಾರ್ಯ ನಡೆದಿತ್ತು. ಶಾಂತಕ್ಕ ಬಳೆಯ ತಟ್ಟೆ ಹಿಡಿದವಳು ನಮ್ಮನ್ನು ಕಂಡು ಓಡಿ ಬಂದಳು.

“ಜಮಖಾನಿ ಅಂದಿ ಅಲ್ಲ? ಐತಿ. ಆದರ ಅದನ್ನ ಇವರಿಗೆ ಕೊಟ್ಟೀನಿ, ಕೂಡಾಕ.”

ಇದೆ! ನಾನು ಬಾವನ ಮುಖ ನೋಡಿದೆ. ಅವನು ಪೆಂಡಾಲಿನ ಕಂಬ ನೋಡುತ್ತಿದ್ದ.

ಒಳಗೆ ಇಣುಕಿದೆ. ನನ್ನ ಬಾಲ್ಯದ ಏಕೈಕ ಸಾಕ್ಷಿಯ ಮೇಲೆ ಇಪ್ಪತ್ತು ಹೆಂಗಸರು ಕೂತಿದ್ದರು. ಕಂಡದ್ದು ಅಂಚು ಮಾತ್ರ, ಕೆಂಪು. ನಟ್ಟನಡುವೆ, ಮೋಡವಿರಬೇಕಾದ ಜಾಗದಲ್ಲೇ, ಹಸಿರು ಸೀರೆಯ ಬಸುರಿ ಹುಡುಗಿ ತೊಡೆ ತುಂಬ ಹಣ್ಣು ಹಿಡಿದು ಕೂತಿದ್ದಳು. ಗೋಡೆಗೆ ಒರಗಿ ಕೂತಿದ್ದ ಈರಮ್ಮತ್ತೆ ನನ್ನನ್ನು ನೋಡಿ ಕೈ ಬೀಸಿದಳು.

“ಬಾರವ್ವ ಪಾರಿ! ಊಟ ಮಾಡು ಮೊದಲು.”

“ಅತ್ತಿ, ಜಮಖಾನಿ...”

“ಕೂತಾಕಿನ್ನ ನಡುವ ಎಬ್ಬಸಬಾರದು. ಆರತಿ ಆಗ್ಲಿ.”

ಆರತಿ ಎಂದರೆ ಒಂದು ಆರತಿಯೇ? ಒಬ್ಬೊಬ್ಬರೂ ಬಂದು ಬಳೆ ತೊಡಿಸಬೇಕು, ಉಡಿ ತುಂಬಬೇಕು, ಹಾಡಬೇಕು. ಹಾಡು ಮರೆತವಳಿಗೆ ಇನ್ನೊಬ್ಬಳು ನೆನಪು ಮಾಡಿಕೊಡಬೇಕು. ನಾನು ಹೆಂಗಸರ ಕಾಲುಗಳ ನಡುವಿನ ಸಂದಿಯಲ್ಲಿ ಕತ್ತು ಚಾಚಿ ಚಾಚಿ ನೋಡುತ್ತಿದ್ದೆ. ಒಂದು ಕಡೆ ಏನೋ ಬಿಳಿಯ ಉಬ್ಬು ಕಂಡಿತು. ಒಂದು ಮುದುಕಿ ಅದರ ಮೇಲೆ ತಾಂಬೂಲದ ತಟ್ಟೆ ಇಟ್ಟಳು.

“ಯಾರವ್ವ ಈಕಿ, ಬಂದಾಗಿಂದ ನಮ್ಮ ಕುಂಡಿ ನೋಡಾಕತ್ಯಾಳ?” ಎಂದು ಆ ಮುದುಕಿ ಜೋರಾಗಿಯೇ ಕೇಳಿದಳು.

“ನನ್ನ ತಮ್ಮನ ಮಗಳು, ಟೀಚರ್ ಅದಾಳ. ಜಮಖಾನಿ ಓದಾಕ ಬಂದಾಳ” ಎಂದಳು ಅತ್ತೆ. ಪೆಂಡಾಲಿನ ತುಂಬ ನಗು.

ಕೊನೆಗೂ ಆರತಿಯಾಯಿತು. ಬಸುರಿ ಹುಡುಗಿ ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು. ಅಕ್ಕಿಕಾಳು, ಹೂವಿನ ಎಸಳು ಚೆಲ್ಲಿದ್ದ ಜಮಖಾನೆ ಪೂರ್ತಿ ಬಯಲಾಯಿತು. ಓಡಿಹೋಗಿ ಮೊಣಕಾಲೂರಿ ಕೂತೆ.

ಕೆಂಪು ನೆಲ. ಮೇಲಿನ ಸಾಲಿನಲ್ಲಿ ಮೂರು ಉಬ್ಬಿನ ಬಿಳಿ ಆಕಾರಗಳು. ಕೆಳಗಿನ ಸಾಲಿನಲ್ಲಿ ಅವೇ ಮೂರು ಉಬ್ಬು, ಎಳೆಗೆ ಎಳೆ ಅವೇ! ಆದರೆ ಹಸಿರಲ್ಲ. ಕಪ್ಪು. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಕೆಳಗಿನ ಪ್ರತಿ ಪೊದೆಗೂ ನಾಲ್ಕು ಕಾಲುಗಳಿದ್ದವು.

“ಅತ್ತಿ, ಪೊದಿಗೆ ಕಾಲು ಯಾಕ ಹಚ್ಚಿ?”

“ಯಾವ ಪೊದಿ? ಕುರಿ ಅವು.”

ಬಾವ ನನ್ನ ಹಿಂದೆ ನಿಂತು ಉಸಿರು ಬಿಗಿಹಿಡಿದು ನಗುತ್ತಿದ್ದುದು ಬೆನ್ನಿಗೇ ತಿಳಿಯುತ್ತಿತ್ತು.

“ಮ್ಯಾಲಿನವು?”

“ಅವೂ ಕುರಿ. ಮ್ಯಾಲಿನವು ಮಲಗ್ಯಾವ, ಅದಕ ಕಾಲು ಕಾಣಂಗಿಲ್ಲ. ಕೆಳಗಿನವು ಮೇಯಾಕತ್ಯಾವ. ಆ ಟಿವಿಯಾಗ ಗುಡ್ಡದ ಮ್ಯಾಲಷ್ಟು, ಕೆಳಗಷ್ಟು ಕುರಿ ಇರ್ತಿದ್ವಲ್ಲ? ಆ ಕುರಿ ಕಾಯಾಂವ ನೋಡಿದ್ರ ಟೋಪಿ ಹಾಕ್ಕೊಂಡು ಒಂದ ಸವನ ಓಡ್ತಿದ್ದ. ಒಮ್ಮೆರ ತಿರುಗಿ ಕುರಿ ನೋಡಲಿಲ್ಲ ಮೂಳ! ನನಗ ಸಂಕಟ ಆಗ್ತಿತ್ತು.”

ಅತ್ತೆಯ ಬೆರಳು ಮೂಲೆಯ ಕಡೆ ಹೋಯಿತು. ಅಲ್ಲಿ ಒಬ್ಬ ಪುಟ್ಟ ಮನುಷ್ಯ. ತಲೆಗೆ ಟೋಪಿ, ಮೂಗಿನ ಕೆಳಗೆ ಮೀಸೆ. ಓಡುತ್ತಿರಲಿಲ್ಲ, ನಿಂತಿದ್ದ. ಅವನ ಕೈಯಲ್ಲಿ ಒಂದು ಕೋಲು.

“ಕೋಲು ನಾನ ಕೊಟ್ಟೆ. ಕೋಲಿಲ್ಲದ ಹೆಂಗ ಕಾಯ್ತಾನ?”

ಕುರಿಮನೆಯಲ್ಲಿ ಹುಟ್ಟಿದವಳಿಗೆ ಮಾತ್ರ ಆಗಬಹುದಾದ ತಪ್ಪು! ಲೋಕವೆಲ್ಲ ಮೋಡ ಕಂಡ ಕಡೆ, ಪೊದೆ ಕಂಡ ಕಡೆ ಇವಳೊಬ್ಬಳು ಮಂದೆ ಕಂಡಿದ್ದಳು. ಬಣ್ಣದ ಟಿವಿಯಿದ್ದ ಮನೆಗಳಲ್ಲಿ ಬಣ್ಣ ಕಣ್ಣು ಕಟ್ಟಿತ್ತು. ನಮ್ಮ ಬಡ ಟಿವಿಯಲ್ಲಿ ಕಟ್ಟಲು ಏನೂ ಇರಲಿಲ್ಲ. ಆದರೂ ನನಗೆ ಒಂದು ಕೊನೆಯ ಆಸೆ.

“ಆದರ ಅತ್ತಿ, ಎರಡೂ ಒಂದ ಅಚ್ಚು ಅಂತ ನೀನ ಅಂದಿದ್ದಿ. ಅದು ಖರೇನಾ?”

“ಅಂದೆ. ಬೀಜ ಒಂದ ಮುಷ್ಟಿ ಇದ್ವು ನನ್ನ ಹತ್ರ. ಚೌಕಕ್ಕೊಂದು ಬೀಜ ಇಟ್ಟು ಮ್ಯಾಲಿನ ಕುರಿ ನೇಯೋ ಲೆಕ್ಕ ಹಾಕಿದೆ. ಕೆಳಗಿನದಕ್ಕ ಬೀಜ ಸಾಲಂಗಿಲ್ಲಲ್ಲ ಅಂತ ನೋಡ್ತೀನಿ, ಅದ ಲೆಕ್ಕ! ಅವು ಚೌಕಾಬಾರ ಆಡೋ ಬೀಜ, ಒಂದು ಮಗ್ಗಲು ತೇದು ಬಿಳಿ ಮಾಡಿದ್ವು. ಬಿಳಿ ಮ್ಯಾಲೆ ಮಾಡಿದ್ರ ಮಲಗಿದ ಕುರಿ. ಅವ ಬೀಜ ತಿರುವಿದ್ರ ಕರಿ ಕುರಿ. ಕಾಲು ಅಷ್ಟು ಬ್ಯಾರೆ. ಎರಡು ಲೆಕ್ಕ ಯಾರು ನೆನಪಿಡ್ತಾರವ್ವ?”

ನನಗೆ ಮತ್ತೆ ಕೂಗಬೇಕೆನಿಸಿತು. ಕೂಗಿಯೇ ಬಿಟ್ಟೆನೆಂದು ಶಾಂತಕ್ಕ ಆಮೇಲೆ ಹೇಳಿದಳು. ಸಮುದ್ರದಾಚೆ ಯಾವುದೋ ಕೋಣೆಯಲ್ಲಿ ಕೂತವರು ಜಾಗ ಸಾಲದೆ ಮಾಡಿದ ಉಪಾಯ. ಇಲ್ಲಿ ನಡುಮನೆಯಲ್ಲಿ ಕೂತವಳು ಬೀಜ ಸಾಲದೆ ಮಾಡಿದ ಉಪಾಯ. ಒಂದೇ ಲೆಕ್ಕ, ಎರಡು ಬಣ್ಣ! ಅವರು ಬಚ್ಚಿಟ್ಟದ್ದನ್ನು ಇವಳು ಬಿಚ್ಚಿದ್ದಳು. ಬಿಚ್ಚಿದೆನೆಂದು ಇವಳಿಗೆ ಇಂದಿಗೂ ಗೊತ್ತಿಲ್ಲ. ಫೋನು ತೆಗೆದು ಆಟವನ್ನು ತೋರಿಸಿದೆ. ನೀಲಿ ಆಕಾಶ, ಬಿಳಿ ಮೋಡ, ಹಸಿರು ಪೊದೆ. ಅತ್ತೆ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಅಯ್ಯ, ಬಣ್ಣ ಹಚ್ಚಿ ಕೆಡಸ್ಯಾರಲ್ಲ. ಕುರಿ ಯಾವು ಅಂತ ತಿಳಿಯಂಗನ ಇಲ್ಲ.”

ಬಾವ ಮುಂದೆ ಬಂದು ಗಂಟಲು ಸರಿಮಾಡಿಕೊಂಡ. “ಪಂದ್ಯೆಂ ಏನಾಯ್ತು ಟೀಚರಮ್ಮ? ಹಸರು ಎಲ್ಲೈತಿ, ತೋರ್ಸು.”

ತೋರಿಸಲು ಏನಿತ್ತು? ಜಮಖಾನೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣು ಹಾಯಿಸಿದೆ. ಕೆಂಪು, ಬಿಳಿ, ಕಪ್ಪು. “ಇಲ್ಲ ಬಾವ. ನಾನ ಸೋತೆ. ಹಸರು ನನಗ ಎಲ್ಲಿಂದ ಬಂತೋ ಗೊತ್ತಿಲ್ಲ” ಎಂದೆ. ಹೇಳುವಾಗ ದನಿ ಸ್ವಲ್ಪ ಕೆಳಗಿಳಿಯಿತು.

ಅತ್ತೆ ಫೋನಿನಿಂದ ತಲೆ ಎತ್ತಿದಳು. “ಹಸರಾ? ಅದಕ್ಕ ನೀ ಎಷ್ಟು ಅತ್ತಿದ್ದಿ! ಕುರಿ ಮೇಯಾಕ ಹುಲ್ಲು ಎಲ್ಲೈತಿ ಅತ್ತಿ, ಹಸರು ಹಾಕು ಅಂತ ಮಗ್ಗದ ಮ್ಯಾಲೆ ಬಿದ್ದು ಹೊಳ್ಳಾಡಿದಿ. ನನ್ನ ಹತ್ರ ಹಸರು ನೂಲು ಎಲ್ಲಿತ್ತು? ನೂಲಿಲ್ಲವ್ವ, ಕಣ್ಣು ಮುಚ್ಚಿ ನೀನ ಹಾಕ್ಕೋ ಅಂದೆ. ಸುಮ್ಮನಾದಿ.” ಆಮೇಲೆ ನನ್ನ ಮುಖ ನೋಡಿ ಕೇಳಿದಳು: “ಹಾಕ್ಕೊಂಡೇನು?”

“ಹಾಕ್ಕೊಂಡೆ ಅತ್ತಿ” ಎಂದೆ.

ಅತ್ತೆಗೆ ಇದು ನಿಜವಾಗಿ ನೆನಪಿತ್ತೋ, ನನ್ನ ದನಿ ಕೇಳಿ ಆ ಕ್ಷಣಕ್ಕೆ ನೇಯ್ದಳೋ, ನಾನು ಕೇಳಲಿಲ್ಲ. ಪ್ರಶ್ನೆ ಚಿಹ್ನೆ ಹಾಕುವ ಕೈಯನ್ನು ಕಟ್ಟಿಕೊಂಡು ಕೂತೆ. ಹೋಳಿಗೆ ಉಂಡೆ. ಶಾಂತಕ್ಕನೊಡನೆ ಜಮಖಾನೆಯ ಅಕ್ಕಿಕಾಳು ಕೊಡವಿ, ಮಡಿಸಿದೆ.

ವಾಪಸಿನ ದಾರಿಯಲ್ಲಿ ಆದೋನಿಯ ಬೆಟ್ಟ ಕಾಣತೊಡಗಿದಾಗ ಬಾವ ಗಾಡಿಯ ವೇಗ ಕಡಿಮೆ ಮಾಡಿ, ತಿರುಗದೆಯೇ ಹೇಳಿದ: “ಹೋಗ್ಲಿ ಬಿಡು ಪಾರಿ. ತಾತಗ ಎರಡು ಹೆಗಲಿದ್ವು ಕದಾ.”

ಮನೆಗೆ ಬಂದ ತಕ್ಷಣ ಡೈರಿ ತೆಗೆದು, ತಾತನ ಹೆಗಲಿನ ಆ ಹಳೆಯ ಮೂರು ಪುಟಗಳ ಪಕ್ಕದಲ್ಲಿ ಬರೆದೆ: ಎಡಗಡೆಯದು ನನ್ನದು.